ನಾಲ್ಕು ಸಾಲಿನ ಕಾವಲು

ನನಗೊಂದು ಚಟವಿದೆ. ಬೀಡಿಯಲ್ಲ, ಇಸ್ಪೀಟಲ್ಲ. ಸಂಜೆ ಅಂಗಡಿಯ ಬಾಗಿಲೆಳೆಯುವ ಮೊದಲು ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದು, ಅದರಲ್ಲಿ ಬಿಳಿ ಅಕ್ಷರಗಳು ಸರಸರ ಮೇಲೇರುವುದನ್ನು ನೋಡುತ್ತ ನಿಲ್ಲುವುದು. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್, ಡಿಟಿಪಿ ಮತ್ತು ಫೋಟೋ ಅಂಗಡಿ. ಮದುವೆ ಪತ್ರಿಕೆ, ಗೃಹಪ್ರವೇಶದ ಬ್ಯಾನರು, ಊರವರ ಮುಖಗಳು, ಎಲ್ಲವೂ ಇದ್ದದ್ದು ಒಂದೇ ಡಬ್ಬಿಯಲ್ಲಿ. ಅದೇನಾದರೂ ಕೆಟ್ಟು ಕೂತರೆ ಗತಿಯೇನೆಂದು, ದಿನಾ ಎಲ್ಲವನ್ನೂ ಬೇರೊಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡಲು ನಾನೇ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದೆ.

ಸ್ಕ್ರಿಪ್ಟ್ ಎಂದರೆ ಹೆದರಬೇಡಿ. ನಾಲ್ಕೇ ಸಾಲು. ಇಲ್ಲಿಂದ ತೆಗೆದುಕೋ, ಅಲ್ಲಿ ಇಡು, ಹೊಸದನ್ನು ಮಾತ್ರ ನಕಲು ಮಾಡು, ಮುಗಿದ ಮೇಲೆ ‘ಆಯ್ತು ಸ್ವಾಮಿ’ ಅನ್ನು. ಕೊನೆಯ ಸಾಲು ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ದಿನವಿಡೀ ಗಿರಾಕಿಗಳಿಗೆ ಸ್ವಾಮಿ ಸ್ವಾಮಿ ಅನ್ನುವವನಿಗೆ, ಸಂಜೆ ಯಾರಾದರೊಬ್ಬರು ತನಗೂ ಹಾಗನ್ನಲಿ ಎಂಬ ಆಸೆ ಇರುವುದಿಲ್ಲವೇ? ಒಮ್ಮೆ ಜಗಳೂರಿನ ಗಿರಾಕಿಯೊಬ್ಬರು ಆ ಕಪ್ಪು ಕಿಟಕಿ ಕಂಡು, “ಯಾವ್ದಾದ್ರೂ ಬ್ಯಾಂಕಿಗೆ ಕನ್ನ ಹಾಕಾಕೆ ಹೊಂಟೀರೇನ್ರೀ?” ಎಂದು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಮೀಸೆಯಡಿ ನಕ್ಕೆನೇ ಹೊರತು ಇಲ್ಲವೆನ್ನಲಿಲ್ಲ.

ನಕಲು ಮಾಡಿಡುವುದನ್ನು ನಾನೇನು ಕಂಡುಹಿಡಿಯಲಿಲ್ಲ ಬಿಡಿ. ಓಲೆಗರಿಗೆ ಹುಳು ಬೀಳುವ ಮೊದಲು ಇನ್ನೊಂದು ಗರಿಗೆ ಇಳಿಸಿಕೊಂಡ ಲಿಪಿಕಾರರ ಪುಣ್ಯದಿಂದಲೇ ಹಳಗನ್ನಡ ಕಾವ್ಯಗಳು ನಮ್ಮ ಕೈಸೇರಿವೆ. ಕಲ್ಲಿನಲ್ಲಿ ಕೆತ್ತಿಸಿದ ರಾಜರು ಒಂದೇ ಪ್ರತಿ ಸಾಕೆಂದುಕೊಂಡರು. ಆ ಕಲ್ಲುಗಳ ಮೇಲೆ ಎಷ್ಟೋ ಊರಿನವರು ಬಟ್ಟೆ ಒಗೆದರು. ಲಿಪಿಕಾರ ತೂಕಡಿಸುತ್ತ ಒಂದು ಸಾಲು ಬಿಟ್ಟಾನು, ನನ್ನ ಸ್ಕ್ರಿಪ್ಟು ಬಿಡುವುದಿಲ್ಲ ಎಂದು ಹೆಂಡತಿ ಗಿರಿಜೆಯ ಮುಂದೆ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು. “ಅದೆಲ್ಲ ಸರಿ, ಎರಡನ್ನೂ ಒಂದೇ ಮೇಜಿನ ಮ್ಯಾಲೆ ಯಾಕೆ ಇಟ್ಟೀರಿ?” ಎಂದಳು. ವೈರು ಗಿಡ್ಡ ಎಂದೆ.

ಆಯುಧ ಪೂಜೆ ಬಂತು. ವರ್ಷವಿಡೀ ದುಡಿದ ಯಂತ್ರ ಪೂಜೆಯ ಹೊತ್ತಿಗೆ ಸತ್ತಂತೆ ಬಿದ್ದಿರಬಾರದು, ಸ್ಕ್ರಿಪ್ಟ್ ಓಡುತ್ತಿರುವಾಗಲೇ ಮಂಗಳಾರತಿ ಆಗಬೇಕು ಎಂಬುದು ನನ್ನ ಹಠ. ಕಂಪ್ಯೂಟರಿನ ಡಬ್ಬಿಗೆ ವಿಭೂತಿ ಬಳಿದು, ಅದರ ನೆತ್ತಿಯ ಮೇಲೆ ಕಳಶವಿಟ್ಟು, ಪಕ್ಕದ ಹಾರ್ಡ್‌ಡಿಸ್ಕಿಗೂ ಕುಂಕುಮ ಹಚ್ಚಿದೆ. ಎರಡಕ್ಕೂ ಸೇರಿಸಿ ಒಂದೇ ಸೇವಂತಿಗೆ ಹಾರ ಹಾಕಿ, ಅದು ಸೊಟ್ಟಗಾಯಿತೆಂದು ಕೊಂಚ ಎಳೆದೆ. ಕಳಶ ಮಗುಚಿ ನೀರು ಎರಡರ ಮೇಲೂ ಸುರಿಯಿತು. ಟಪ್ ಎಂದಿತು. ಅಸಲೂ ಹೋಯಿತು, ನಕಲೂ ಹೋಯಿತು, ‘ಆಯ್ತು ಸ್ವಾಮಿ’ ಅನ್ನುವವನೂ ಹೋದ. ದಾವಣಗೆರೆಯ ರಿಪೇರಿಯವರು ಎರಡನ್ನೂ ಬಿಚ್ಚಿ ನೋಡಿ, ಏನೂ ಉಳಿದಿಲ್ಲವೆಂದು ತಲೆಯಾಡಿಸಿದರು.

ಪತ್ರಿಕೆ, ಬ್ಯಾನರು ಹೋದರೆ ಮತ್ತೆ ಮಾಡಿಕೊಳ್ಳಬಹುದು. ಹೊಸ ಕಂಪ್ಯೂಟರ್ ತಂದೆ, ಸ್ಕ್ರಿಪ್ಟನ್ನು ಮತ್ತೆ ಬರೆದೆ, ಬುದ್ಧಿ ಬಂದಿದ್ದರಿಂದ ಐದನೆಯ ಸಾಲನ್ನೂ ಸೇರಿಸಿದೆ: ನ್ಯಾಮತಿಯ ತಂಗಿಯ ಮನೆಯ ಕಂಪ್ಯೂಟರಿಗೂ ಒಂದು ಪ್ರತಿ ಹೋಗಲಿ. ಮೀಸೆ ಮತ್ತೆ ಮೇಲೇಳುವಷ್ಟರಲ್ಲಿ ತ್ಯಾವಣಿಗೆಯ ಹಾಲಮ್ಮ ಬಂದರು.

ಅವರ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಆಕೆ ಜೀವಮಾನದಲ್ಲಿ ಸಿಕ್ಕಿದ್ದು ಒಂದೇ ಫೋಟೋದಲ್ಲಿ, ಯಾರದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ. ಆ ಮುಖವನ್ನು ಬಿಡಿಸಿ ದೊಡ್ಡದು ಮಾಡಿ ಕೊಟ್ಟವನು ನಾನೇ. ಈಗ ಗೋಡೆಯ ಮೇಲಿದ್ದ ಆ ಪಟವನ್ನೂ ಪೆಟ್ಟಿಗೆಯಲ್ಲಿದ್ದ ಗುಂಪು ಫೋಟೋವನ್ನೂ ಗೆದ್ದಲು ತಿಂದಿತ್ತು. “ದೀಪಾವಳಿಗೆ ಹಿರೇರ ಪೂಜೆ ಐತೆ. ನಿಮ್ಮ ಕಂಪ್ಯೂಟ್ರಾಗೆ ಅವ್ವ ಇದಾಳಲ್ರೀ, ಇನ್ನೊಂದು ತೆಗ್ದು ಕೊಡ್ರಿ” ಎಂದರು.

ತಡವರಿಸುತ್ತ ನಡೆದದ್ದನ್ನು ಹೇಳಿದೆ. ಹಾಲಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಸೆರಗನ್ನು ಬಾಯಿಗೊತ್ತಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟರು. ನನ್ನ ಜಾಣತನದ ಮೇಲೆ ನನಗೇ ಹೇಸಿಗೆಯಾಯಿತು.

ಆಮೇಲೆ ಅವರೇ ಕಣ್ಣೊರೆಸಿಕೊಂಡು ಎದ್ದರು. “ಅವ್ವ ಹೋದಾಗ ಆಕಿಗೆ ಈಗ ನನಗಾಗಿರೋ ವಯಸ್ಸೇ. ನನ್ನ ನೋಡಿದೋರೆಲ್ಲ ಅವ್ವನ್ನೇ ಕಂಡಂಗಾಗ್ತೈತೆ ಅಂತಾರೆ. ನನ್ನ ಫೋಟೋನೇ ತೆಗೀರಿ.”

ಬದುಕಿರುವವರ ಫೋಟೋಕ್ಕೆ ಹಾರ ಹಾಕುವುದುಂಟೇ! “ಬಿಡ್ತು ಅನ್ರಿ ಹಾಲಮ್ಮ” ಎಂದೆ.

“ನಾ ಹಾರ ಹಾಕೋದು ಅವ್ವಂಗೆ, ನನಗಲ್ಲ. ನೀವು ತೆಗೀರಿ ಸುಮ್ನೆ.”

ತೆಗೆದೆ. ಅವರು ಹೇಳಿದ ಹಾಗೆ ಕುಂಕುಮವನ್ನು ಅಗಲ ಮಾಡಿದೆ, ಮೂಗುತಿಯನ್ನು ದೊಡ್ಡದು ಮಾಡಿದೆ, ಕಿವಿಯ ಮೇಲಿನ ಕೂದಲಿಗೆ ಇನ್ನಷ್ಟು ಬಿಳುಪು ಕೊಟ್ಟೆ. “ಕೆನ್ನೆ ಇನ್ನೊಂಚೂರು ಒಳಗೆ ಹೋಗ್ಲಿ, ಹೊಟ್ಟೆ ಬಟ್ಟೆ ಕಟ್ಟಿ ಸಾಕಿದಾಕಿ ಆಕಿ... ಸಾಕು, ಸಾಕು! ಅವ್ವಾ!” ಎಂದು ಪರದೆಯನ್ನು ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡರು. ನಾನು ಪ್ರಿಂಟರಿನಲ್ಲಿ ಏನೋ ಹುಡುಕುವವನಂತೆ ಆ ಕಡೆ ತಿರುಗಿದೆ.

ಪಟ ಕೈಗೆ ಕೊಟ್ಟ ಮೇಲೆ ಅವರೆದುರಿಗೇ ಕಪ್ಪು ಕಿಟಕಿ ತೆರೆದು ಸ್ಕ್ರಿಪ್ಟ್ ಓಡಿಸಿದೆ. ಒಂದು ಇಲ್ಲಿ, ಒಂದು ನ್ಯಾಮತಿಯಲ್ಲಿ ಎಂದು ವಿವರಿಸಿ, ಇನ್ನೂ ಧೈರ್ಯ ಸಾಲದೆ ಪೆನ್‌ಡ್ರೈವ್ ಒಂದಕ್ಕೂ ಹಾಕಿ ಅವರ ಮುಂದೆ ಹಿಡಿದೆ. “ಇದೊಂದು ಪ್ರತಿ ನಿಮ್ಮ ಮನೇಲಿರ್ಲಿ, ಜ್ವಾಪಾನ.”

ಹಾಲಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮೇಜಿನ ಮೇಲೆ ವಾಪಸು ಇಟ್ಟರು.

“ಇದ್ಯಾಕ್ರೀ? ನಮ್ಮನೇಲಿ ನನ್ನ ಮಗಳಿದಾಳೆ. ಅವಳ್ದೂ ಇದೇ ಮುಖ.”