ಮಂಜೂರಾಗದ ಕೋಚ್

ಮಹಾಪುರುಷರನ್ನು ಕಾಲವೇ ಗುರುತಿಸುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಮಹಾಪುರುಷರು ಕೇಂದ್ರ ಸರ್ಕಾರದ ನೌಕರರಾಗಿದ್ದರೆ ಮಾತ್ರ ಕಾಲಕ್ಕೆ ಮೂರು ಪ್ರತಿಗಳಲ್ಲಿ ಅರ್ಜಿ ಹಾಕಿಕೊಳ್ಳಬೇಕಾಗುತ್ತದೆ.

ನಾನು ಹೇಳಹೊರಟಿರುವ ಮಹಾಪುರುಷರ ಸೀಟಿ ಅವರ ಜನಿವಾರದಲ್ಲಿತ್ತು. ಬೇರೆಯವರು ಪೆಟ್ಟಿಗೆಯ ಬೀಗದಕೈ ಕಟ್ಟಿಕೊಳ್ಳುವ ಜಾಗದಲ್ಲಿ ಅವರು ಒಂದು ಹಿತ್ತಾಳೆಯ ಸೀಟಿ ಕಟ್ಟಿಕೊಂಡಿದ್ದರು. ಅದನ್ನು ಊದಬೇಕಾದರೆ ಮೊದಲು ಮಫ್ಲರ್ ಸರಿಸಬೇಕು, ಕೋಟಿನ ಗುಂಡಿ ಬಿಚ್ಚಬೇಕು, ಅಂಗಿಯದ್ದು ಎರಡು ಬಿಚ್ಚಬೇಕು, ಬನಿಯನ್ನಿನೊಳಗೆ ಕೈಹಾಕಿ ಪಕ್ಕೆಯ ಹತ್ತಿರ ತಡಕಾಡಬೇಕು. ಸೀಟಿ ಬಾಯಿಗೆ ಬರುವ ಹೊತ್ತಿಗೆ ಯಾರು ಏನು ತಪ್ಪು ಮಾಡಿದ್ದರೆಂಬುದು ಅವರಿಗೂ ಮರೆತಿರುತ್ತಿತ್ತು, ಮಾಡಿದವನಿಗೂ ಮರೆತಿರುತ್ತಿತ್ತು. ಆದರೂ ಊದುತ್ತಿದ್ದರು. ಅಷ್ಟು ಶ್ರಮಪಟ್ಟು ಹೊರಗೆ ತಂದದ್ದನ್ನು ಸುಮ್ಮನೆ ಒಳಗಿಡುವುದು ಅವರ ಸ್ವಭಾವವಲ್ಲ.

ಆಳು ಐದಡಿ ಎರಡಂಗುಲ. ತೂಕ, ನಮ್ಮ ಕಚೇರಿಯ ಸ್ಟೋರಿನ ತಕ್ಕಡಿಯ ಪ್ರಕಾರ, ನಲವತ್ತಾರು ಕಿಲೋ. ಅದರಲ್ಲಿ ಕೋಟೂ ಸೇರಿತ್ತು. ಇಂಥವರು ಯಾವ ಆಟದ ಕೋಚ್ ಇರಬಹುದೆಂದು ಓದುಗರನ್ನು ಊಹಿಸಲು ಬಿಡುವುದು ನ್ಯಾಯವಲ್ಲ. ಹಗ್ಗಜಗ್ಗಾಟ.

ಅರವತ್ತರ ದಶಕದ ಮೊದಲ ವರ್ಷಗಳು. ಈಗ ವಡೋದರ ಎನ್ನುವ ಊರನ್ನು ನಾವೆಲ್ಲ ಬರೋಡಾ ಎನ್ನುತ್ತಿದ್ದೆವು. ಅಲ್ಲಿ ಕೇಂದ್ರ ಸರ್ಕಾರದ ಒಂದು ಇಲಾಖೆಯ ಶಾಖೆ. ಇಲಾಖೆಯ ಹೆಸರು ಬೇಡ. ಅದರ ಕೆಲಸವೇನೆಂಬುದು ಒಳಗಿದ್ದ ನಮಗೇ ಪೂರ್ತಿ ತಿಳಿದಿರಲಿಲ್ಲ. ನಾನು ತುಮಕೂರಿನಿಂದ ಟೈಪಿಸ್ಟಾಗಿ ಹೋದವನು. ಅವರು ಧಾರವಾಡದವರು, ನಮ್ಮ ಹೆಡ್‌ಕ್ಲಾರ್ಕು. ನಾನು ಕೆಲಸಕ್ಕೆ ಹಾಜರಾದ ದಿನ ಅವರು ನನ್ನ ನೇಮಕದ ಪತ್ರ ನೋಡಲಿಲ್ಲ, ಕಾಲು ನೋಡಿದರು.

“ತಮ್ಮಾ, ಟೈಪಿಂಗ್ ಸ್ಪೀಡ್ ಎಷ್ಟದ?”

“ನಲವತ್ತು ಸರ್.”

“ಇರಲಿ. ತೂಕ ಎಷ್ಟದ?”

“ಎಪ್ಪತ್ತೆರಡು.”

“ಛಲೋ ಆತು. ಟೈಪಿಂಗ್ ಕಲಿಸಲಿಕ್ಕೆ ಬರ್ತದ, ತೂಕ ಕಲಿಸಲಿಕ್ಕೆ ಬರೂದಿಲ್ಲ. ಸಂಜಿಗೆ ಐದೂವರಿಗೆ ಹಿಂದಿನ ಬೇವಿನ ಗಿಡದ ಕೆಳಗ ಬಾ.”

ಅಹಮದಾಬಾದ್, ಬರೋಡಾ, ಸೂರತ್ ಮೂರು ಶಾಖೆಗಳಿಗೆ ವರ್ಷಕ್ಕೊಮ್ಮೆ ಕ್ರೀಡಾಕೂಟ ನಡೆಯುತ್ತಿತ್ತು. ಹಗ್ಗಜಗ್ಗಾಟದಲ್ಲಿ ಸತತವಾಗಿ ಸೂರತ್ ಗೆಲ್ಲುತ್ತಿತ್ತು. ಸೂರತ್‌ನವರು ಊಟವನ್ನು ಕರ್ತವ್ಯದಂತೆ ಮಾಡುವ ಜನ. ಅವರ ಎಂಟು ಮಂದಿ ಸಾಲಾಗಿ ನಿಂತರೆ ಹಿಂದಿನ ಶಾಮಿಯಾನ ಕಾಣುತ್ತಿರಲಿಲ್ಲ. ನಮ್ಮ ಎಂಟು ಮಂದಿಯಲ್ಲಿ ತೂಕವುಳ್ಳವರು ಇಬ್ಬರೇ, ನಾನು ಮತ್ತು ಗುಜರಾತಿ ಸ್ಟೋರ್‌ಕೀಪರ್. ಉಳಿದವರು ಕಾಗದಪತ್ರದ ಮೇಲೆ ಮಾತ್ರ ಗಂಡಸರು.

ಅಭ್ಯಾಸವೆಂದರೆ ಹಗ್ಗದ ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿ, ಇನ್ನೊಂದನ್ನು ನಾವು ಹಿಡಿದು, ಹಿಮ್ಮಡಿ ಊರಿ, ಹಿಂದಕ್ಕೆ ವಾಲಿ ನಿಲ್ಲುವುದು. ಮೊದಲ ದಿನ ನಾನು ಉತ್ಸಾಹದಿಂದ ಎಳೆದೆ. ಕೋಟಿನ ಗುಂಡಿ, ಅಂಗಿಯ ಗುಂಡಿ, ಸೀಟಿ.

“ಜಗ್ಗಬ್ಯಾಡೋ.”

“ಸರ್, ಆಟದ ಹೆಸರೇ ಹಗ್ಗಜಗ್ಗಾಟ.”

“ಹೆಸರು ಇಟ್ಟಾವ ಆಡಿರಲಿಕ್ಕಿಲ್ಲ. ನಾವು ಯಾರು? ಸರ್ಕಾರಿ ನೌಕರರು. ನಮ್ಮ ಶಕ್ತಿ ಎದರಾಗದ? ಅಲ್ಲಾಡದ ಕೂಡೂದರಾಗ. ನಿನ್ನ ಕಡೆ ಒಂದು ಫೈಲ್ ಇರ್ತದ. ಪಾರ್ಟಿ ಬರ್ತಾನ, ಕೈಮುಗೀತಾನ, ಒದರ್ತಾನ, ನಿನ್ನ ಮ್ಯಾಲೆ ಅರ್ಜಿ ಹಾಕ್ತೀನಿ ಅಂತಾನ. ಫೈಲ್ ಬಿಡ್ತೀಯೇನು? ಬಿಡೂದಿಲ್ಲ. ಕಡೀಕೆ ಅವನ ದಣೀತಾನ. ಹಗ್ಗಾನೂ ಹಂಗ. ಅವರು ಜಗ್ಗಲಿ. ನಾವು ಪೆಂಡಿಂಗ್ ಇಡೋಣು.”

ಇದೇ ಮಾತನ್ನು ಗುಜರಾತಿ, ಮರಾಠಿ ಗೆಳೆಯರಿಗೆ ಧಾರವಾಡದ ಹಿಂದಿಯಲ್ಲಿ ಹೇಳುತ್ತಿದ್ದರು. ಅವರಿಗೆ ಇದನ್ನು ಯಾವ ಭಾಷೆಯಲ್ಲಿ ಹೇಳಿದ್ದರೂ ತಿಳಿಯುತ್ತಿತ್ತು, ಅವರೂ ಅದೇ ಇಲಾಖೆಯವರು. ಆಜ್ಞೆ ಮಾತ್ರ ಕನ್ನಡದಲ್ಲಿ: “ತಡೀರಿ.” ಮೂರು ತಿಂಗಳಲ್ಲಿ ಸ್ಟೋರ್‌ಕೀಪರ್‌ಗೆ ಅದೊಂದು ಪದ ಎಷ್ಟು ಬಾಯಿಗೆ ಬಂತೆಂದರೆ, ಸಾಹೇಬರು ಪೆನ್ಸಿಲ್ ಕೇಳಿ ಕಳಿಸಿದರೂ “ತಡೀರಿ” ಎಂದೇ ಹೇಳಿ ಕಳಿಸುತ್ತಿದ್ದ.

ಒಮ್ಮೆ ರಸ್ತೆಯಲ್ಲಿ ಹೋಗುವ ಯಾರೋ, ಸರ್ಕಾರಿ ನೌಕರರು ದಿನಾ ಸಂಜೆ ಒಂದು ಒಳ್ಳೆಯ ಮರವನ್ನು ಬುಡಸಮೇತ ಕೀಳಲು ಯತ್ನಿಸುತ್ತಿದ್ದಾರೆಂದು ದೂರು ಬರೆದರು. ವಿವರಣೆ ಕೇಳಿ ಮೆಮೊ ಬಂತು. ಅವರ ಉತ್ತರವನ್ನು ನಾನೇ ಟೈಪ್ ಮಾಡಿದೆ: ಅಭ್ಯಾಸ ಆರಂಭವಾದಂದಿನಿಂದ ಸದರಿ ಮರ ಒಂದಂಗುಲವೂ ಅಲುಗಿಲ್ಲ, ಅದರಿಂದ ಕಲಿಯುವುದೇ ಅಭ್ಯಾಸದ ಉದ್ದೇಶ.

ಅವರ ಜೀವನದಲ್ಲಿ ಒಂದೇ ಒಂದು ಕೊರತೆಯಿತ್ತು. ಅವರು ಕೋಚ್ ಎಂದು ಎಲ್ಲಿಯೂ ಬರೆದಿರಲಿಲ್ಲ. ಕ್ರೀಡಾಕೂಟಕ್ಕೆ ಹೋಗಲು ವಿಶೇಷ ರಜೆ ಸಿಗುತ್ತಿದ್ದದ್ದು ಎಂಟು ಆಟಗಾರರಿಗೆ ಮತ್ತು ಒಬ್ಬ ಮೀಸಲು ಆಟಗಾರನಿಗೆ. ಕೋಚ್ ಎಂಬ ಪ್ರಾಣಿಯ ಪ್ರಸ್ತಾಪ ನಿಯಮದಲ್ಲಿಲ್ಲ. ಆದ್ದರಿಂದ ಪ್ರತಿ ವರ್ಷ ಪಟ್ಟಿಯ ಒಂಬತ್ತನೆಯ ಸಾಲಿನಲ್ಲಿ, ಐವತ್ತು ದಾಟಿದ, ನಲವತ್ತಾರು ಕಿಲೋದ ಮೀಸಲು ಆಟಗಾರರಾಗಿ ಅವರು ತಮ್ಮ ಹೆಸರನ್ನೇ ಬರೆಯುತ್ತಿದ್ದರು. ಪ್ರತಿ ವರ್ಷ ಅಹಮದಾಬಾದಿನ ಮುಖ್ಯ ಕಚೇರಿಗೆ, ತಮ್ಮನ್ನು ಕೋಚ್ ಎಂದು ನಮೂದಿಸಬೇಕೆಂದು ಅರ್ಜಿಯನ್ನೂ ಹಾಕುತ್ತಿದ್ದರು. ಒಮ್ಮೆ ಮಾತ್ರ ಉತ್ತರ ಬಂದಿತ್ತು: ವಿಷಯ ಪರಿಶೀಲನೆಯಲ್ಲಿದೆ.

ಕೊನೆಯ ವರ್ಷದ ಪಟ್ಟಿ ಟೈಪ್ ಮಾಡುವಾಗ ನಾನು ಹೇಳಿದೆ. “ಸರ್, ಒಂಬತ್ತನೇ ಹೆಸರಿನ ಮುಂದೆ ಕೋಚ್ ಅಂತ ಹೊಡೆದುಬಿಡ್ತೀನಿ. ಯಾರು ನೋಡ್ತಾರೆ?”

ಅವರು ಮೆಷಿನ್ನಿನಿಂದ ಕಾಗದವನ್ನೇ ತೆಗೆದುಬಿಟ್ಟರು.

“ಮಂಜೂರ ಆಗದ ಮಾತು ಕಾಗದದ ಮ್ಯಾಲೆ ಬರಬಾರದು. ನನಗ ಆ ಹೆಸರು ಬೇಕು ತಮ್ಮಾ, ಖರೇ ಹೇಳ್ತೀನಿ. ಮುಂದಿನ ಮಾರ್ಚಿಗೆ ರಿಟೈರ್ ಆಗಿ ಊರಿಗೆ ಹೋಗಾಂವ. ರಿಟೈರ್ಡ್ ಹೆಡ್‌ಕ್ಲಾರ್ಕ್ ಅಂತ ಧಾರವಾಡದಾಗ ಓಣಿಗೆ ಇಬ್ಬರು ಕೂತಾರ. ಕೋಚ್ ಅಂತ ಒಬ್ಬಾಂವನೂ ಇಲ್ಲ. ಆದ್ರ ಕದ್ದು ತಗೊಂಡದ್ದು ಬ್ಯಾಡ.”

ಒಂಬತ್ತನೆಯ ಹೆಸರಿನ ಮುಂದೆ “ಮೀಸಲು” ಎಂದೇ ಟೈಪ್ ಮಾಡಿದೆ.

ಆ ವರ್ಷದ ಕೂಟ ಸೂರತ್‌ನಲ್ಲಿ, ಚಳಿಗಾಲದಲ್ಲಿ. ಮೊದಲ ದಿನ ಅಹಮದಾಬಾದ್ ತಂಡವನ್ನು ಎರಡೇ ಸುತ್ತಿನಲ್ಲಿ ಸೋಲಿಸಿದೆವು. ಅವರು ಎಳೆದೆಳೆದು ತಾವೇ ಕುಸಿದರು. ಮರುದಿನ ಮಧ್ಯಾಹ್ನ ಸೂರತ್ ಜೊತೆ ಫೈನಲ್. ಬೆಳಿಗ್ಗೆ ಕೋಚ್ ತಂಡವನ್ನು ತಾಪಿ ನದಿಯ ದಡಕ್ಕೆ ವಾಯುವಿಹಾರಕ್ಕೆಂದು ಕರೆದೊಯ್ದರು. ಅಲ್ಲಿ ಗುಡಿಸಲು ಹಾಕಿಕೊಂಡು ಎಳೆಯ ಜೋಳದ ತೆನೆ ಸುಟ್ಟು, ಕಾಳು ಉದುರಿಸಿ ಮಾರುತ್ತಿದ್ದರು. ಸೂರತ್‌ನವರು ಅದನ್ನು ಪೋಂಕ್ ಎನ್ನುತ್ತಾರೆ. ನಮ್ಮ ಕೋಚ್ ನಿಂತಲ್ಲೇ ನಿಂತರು.

“ತಮ್ಮಾ, ಇದು ಸೀತನಿ.”

ಧಾರವಾಡದ ಸೀಮೆಯವನಿಗೆ, ಊರು ಬಿಟ್ಟು ಎಷ್ಟೋ ವರ್ಷವಾದ ಮೇಲೆ, ಪರನಾಡಿನ ನದಿ ದಂಡೆಯಲ್ಲಿ ಸೀತನಿ ಸಿಕ್ಕರೆ ಕ್ರೀಡಾಶಾಸ್ತ್ರ ಏನು ಮಾಡೀತು? ಪಂದ್ಯದ ದಿನ ಹಾಲು, ಬಾಳೆಹಣ್ಣು ಬಿಟ್ಟು ಬೇರೇನೂ ತಿನ್ನಬಾರದೆಂದು ಮೂರು ತಿಂಗಳಿಂದ ಹೇಳಿದವರು ತಾವೇ ಎಲ್ಲರ ಮುಂದೆ ಎಲೆ ಹಾಸಿಸಿದರು. “ತಿನ್ರೆಪಾ. ನಮ್ಮೂರಾಗ ಇದರ ಜೋಡಿ ಶೇಂಗಾ ಹಿಂಡಿ ಇರ್ತದ. ಇಲ್ಲಿ ಸೇವು. ನಡೀತದ.” ನಾವು ಹದವಾಗಿ ತಿಂದೆವು. ಸ್ಟೋರ್‌ಕೀಪರ್ ಹದ ಮೀರಿದ. ಅವನನ್ನು ತಡೆಯುವ ಪದ ಒಂದೇ ಇತ್ತು, ಅದನ್ನು ಆ ದಿನ ಯಾರೂ ಹೇಳಲಿಲ್ಲ.

ಪಂದ್ಯ ಕತಾರ್‌ಗಾಮ್ ಕಡೆಯ ಒಂದು ಬಯಲಿನಲ್ಲಿ. ಮೂರು ಗಂಟೆಗೆ ರೆಫರಿ ಹೆಸರು ಕರೆದಾಗ ಸ್ಟೋರ್‌ಕೀಪರ್ ಹೊಟ್ಟೆ ಹಿಡಿದುಕೊಂಡು ಬಯಲಿನ ಅಂಚಿನ ಪೊದೆಗಳ ಕಡೆ ನಾಲ್ಕನೆಯ ಸಲ ಹೊರಟಿದ್ದ. ರೆಫರಿಯಾಗಿ ಬಂದಿದ್ದವರು ಅಹಮದಾಬಾದಿನ ಒಬ್ಬ ಅಧಿಕಾರಿ. ಪಟ್ಟಿ ನೋಡಿ, “ನಿಮ್ಮ ಮೀಸಲು ಆಟಗಾರ ಎಲ್ಲಿ?” ಎಂದರು.

ನಮ್ಮವರು ಕೋಟು ಬಿಚ್ಚಿ ಮಡಿಸಿ ಕುರ್ಚಿಯ ಮೇಲಿಟ್ಟರು. ಮಫ್ಲರನ್ನು ಸೊಂಟಕ್ಕೆ ಬಿಗಿದುಕೊಂಡರು. ಪಂಚೆಯ ಕಚ್ಚೆ ಸರಿಮಾಡಿಕೊಂಡು ಬಂದು ಹಗ್ಗದ ತೀರ ಮುಂದೆ, ಸೂರತ್‌ನವರ ಎದುರಿಗೆ ನಿಂತರು. “ಹಿಂದ ತೂಕದವರು ಇರಲಿ,” ಎಂದರು. “ನಾ ಮುಂದಿದ್ರ ಅವರಿಗೆ ನಗು ಬರ್ತದ. ನಗಾವ ಜಗ್ಗೂದಿಲ್ಲ.”

ಅವರಿಗೆ ನಗು ಬಂದದ್ದು ನಿಜ, ಆದರೂ ಎಳೆದರು. ಮೊದಲ ಸುತ್ತಿನಲ್ಲಿ ನಮ್ಮ ಕೋಚ್ ಹಗ್ಗದ ಸಮೇತ ಗಾಳಿಯಲ್ಲಿ ಸುಣ್ಣದ ಗೆರೆ ದಾಟಿದರು. ಎರಡನೆಯದರಲ್ಲಿ ಹಿಮ್ಮಡಿಗೆ ಸಣ್ಣ ಗುಳಿ ತೋಡಿಕೊಂಡರು. ಸೂರತ್‌ನ ಮುಂದಾಳು, ನಮ್ಮವರ ಎರಡರಷ್ಟಿದ್ದವನು, ಕನಿಕರದಿಂದ “ಕಾಕಾ, ಛೋಡಿ ದೋ” ಎಂದ. ಬಿಟ್ಟುಬಿಡಿ ಕಾಕಾ ಎಂದು.

“ಆಪ್ ಖೀಂಚಿಯೇ,” ಎಂದರು ನಮ್ಮವರು, ಕಣ್ಣು ಮುಚ್ಚಿಕೊಂಡೇ. “ಹಮ್ ಕೋ ಕೋಯಿ ಜಲ್ದಿ ನಹೀಂ ಹೈ.” ನೀವು ಎಳೆಯಿರಿ, ನಮಗೇನೂ ಅವಸರವಿಲ್ಲ ಎಂದು. ಆಮೇಲೆ ನಮಗೆ, “ತಡೀರಿ.”

ತಡೆದೆವು. ಅವರು ಎಳೆದರು, ಬೈದುಕೊಂಡರು, ಮತ್ತೆ ಎಳೆದರು. ನಾವು ಅವರ ಫೈಲು ನಮ್ಮ ಬಳಿ ಇಲ್ಲವೇ ಇಲ್ಲವೆಂಬಂತೆ ನಿಂತೆವು. ಅವರ ಕಾಲು ನಡುಗಿದ್ದು ಹಗ್ಗದಲ್ಲಿ ನಮಗೆ ತಿಳಿಯಿತು. “ಈಗ ಒಂದು ಹೆಜ್ಜಿ,” ಎಂದರು ನಮ್ಮವರು. ಒಂದು ಹೆಜ್ಜೆ ಹಿಂದಿಟ್ಟೆವು. ಅವರ ಎಂಟು ಮಂದಿ ಒಬ್ಬರ ಮೇಲೊಬ್ಬರು ಬಂದರು.

ಮೂರನೆಯ ಸುತ್ತು ಹದಿನೇಳು ನಿಮಿಷ ನಡೆಯಿತು. ಅಷ್ಟರಲ್ಲಿ ಸೂರತ್‌ನವರೂ ಪಾಠ ಕಲಿತಿದ್ದರು. ಎಳೆಯುವುದನ್ನು ನಿಲ್ಲಿಸಿ ಅವರೂ ತಡೆದು ನಿಂತರು. ಹದಿನಾರು ಸರ್ಕಾರಿ ನೌಕರರು ಒಂದು ಹಗ್ಗ ಹಿಡಿದು, ಏನೂ ಮಾಡದೆ, ಬೆವರುತ್ತ ನಿಂತ ಆ ದೃಶ್ಯವನ್ನು ನೋಡಲಾರದೆ ಮುಖ್ಯ ಅತಿಥಿಗಳು ಹೊರಟುಹೋದರು. ನಡುವಿನ ಕೆಂಪು ಬಟ್ಟೆ ಅಲುಗಲಿಲ್ಲ. ರೆಫರಿಗೆ ಸಂಜೆಯ ಗಾಡಿ ಹಿಡಿಯಬೇಕಿತ್ತು. ಕಡೆಗೆ ಅವರು ಪಂದ್ಯ ನಿಲ್ಲಿಸಿ ಪಟ್ಟಿಯ ಮೇಲೆ ಬರೆದರು: ಫಲಿತಾಂಶವನ್ನು ಮುಖ್ಯ ಕಚೇರಿಯ ತೀರ್ಮಾನಕ್ಕೆ ಸಲ್ಲಿಸಲಾಗಿದೆ.

ಹಗ್ಗ ಬಿಡಿ ಎಂದ ಮೇಲೂ ನಮ್ಮವರು ಬಿಡಲಿಲ್ಲ. ಲಿಖಿತ ಆದೇಶ ಕೇಳುತ್ತಿದ್ದಾರೇನೋ ಎಂದುಕೊಂಡೆವು. ಹತ್ತಿರ ಹೋಗಿ ನೋಡಿದರೆ ಬೆರಳು ಬಿಚ್ಚಲು ಬರುತ್ತಿರಲಿಲ್ಲ. ನಾನು ಕೂತು ಒಂದೊಂದಾಗಿ ಬಿಡಿಸಿದೆ. ಅಂಗೈ ಕೆಂಪಗೆ ಸುಲಿದಿತ್ತು. “ಸೀತನಿ ನನ್ನ ತಪ್ಪು,” ಎಂದರು. ಮೂರು ವರ್ಷದಲ್ಲಿ ಅವರು ಒಪ್ಪಿಕೊಂಡದ್ದು ಅದೊಂದೇ ತಪ್ಪು.

ಮಾರ್ಚಿನಲ್ಲಿ ಅವರು ನಿವೃತ್ತರಾಗಿ ಧಾರವಾಡಕ್ಕೆ ಹೋದರು. ಆ ವರ್ಷದ ಕೋಚ್ ಅರ್ಜಿಗೆ ಉತ್ತರ ಬಂದಿರಲಿಲ್ಲ.

ಎರಡು ವರ್ಷದ ಮೇಲೆ ನನಗೆ ಅಹಮದಾಬಾದಿನ ಮುಖ್ಯ ಕಚೇರಿಗೆ ವರ್ಗವಾಯಿತು. ಅಲ್ಲಿ ನಮ್ಮ ವಿಭಾಗದ ಸೂಪರಿಂಟೆಂಡೆಂಟರು ಮೈಸೂರಿನವರು. ಭಾನುವಾರ ಅವರ ಮನೆಯ ಜಗುಲಿಯಲ್ಲಿ ಮೂರು ನಾಲ್ಕು ಕನ್ನಡಿಗರು ಸೇರಿ, ಒಳಗಿನಿಂದ ಚಿತ್ರಾನ್ನ ಬರುವವರೆಗೆ ಲೋಕದ ಸಮಸ್ಯೆಗಳನ್ನು ಬಗೆಹರಿಸುತ್ತಿದ್ದೆವು. ಒಂದು ವಾರ, ಜಗತ್ತಿನ ಅತಿ ಶ್ರೇಷ್ಠ ಕೋಚ್ ಯಾರು ಎಂಬ ಸಮಸ್ಯೆ ಬಂತು. ಬ್ಯಾಂಕಿನ ಮ್ಯಾನೇಜರೊಬ್ಬರು ಇಂಗ್ಲೆಂಡಿನ ಯಾವುದೋ ಫುಟ್‌ಬಾಲ್ ಕೋಚ್ ಪರ. ಸೂಪರಿಂಟೆಂಡೆಂಟರು ಮೈಸೂರಿನ ಗರಡಿಯ ಒಬ್ಬ ಉಸ್ತಾದರ ಪರ. ನಾನು ಬರೋಡಾದ ಹೆಡ್‌ಕ್ಲಾರ್ಕನ್ನು ಮುಂದಿಟ್ಟೆ.

“ಯಾವ ಆಟ?” ಎಂದರು ಮ್ಯಾನೇಜರು.

“ಹಗ್ಗಜಗ್ಗಾಟ.”

ಚಿತ್ರಾನ್ನ ಬಂದು ತಣ್ಣಗಾಗುವವರೆಗೆ ನಕ್ಕರು. “ಎಷ್ಟು ಕಪ್ ಗೆದ್ದಿದ್ದಾರಪ್ಪ?”

“ಒಂದರ ತೀರ್ಮಾನ ಇನ್ನೂ ಬರಬೇಕು.”

ಸೂರತ್ ಪಂದ್ಯದ ಕಥೆಯನ್ನು ಪೂರ್ತಿ ಹೇಳಿದೆ. ಬೆರಳು ಬಿಡಿಸಿದ್ದನ್ನು ಹೇಳುವಾಗ ಯಾರೂ ನಗಲಿಲ್ಲ. ಆದರೆ ಮ್ಯಾನೇಜರು ವಾದ ಬಿಡುವವರಲ್ಲ. “ಎಲ್ಲ ಸರಿ. ಯಾವ ಕಾಗದದಲ್ಲೂ ಕೋಚ್ ಅಂತಲೇ ಇಲ್ಲದವರನ್ನ ಕೋಚ್‌ಗಳ ಪಟ್ಟೀಲಿ ಹೇಗೆ ಸೇರಿಸೋದು ಹೇಳಿ. ಮೀಸಲು ಆಟಗಾರರ ಪಟ್ಟಿ ಮಾಡಿದಾಗ ಸೇರಿಸೋಣ.”

ಸೂಪರಿಂಟೆಂಡೆಂಟರು ತಟ್ಟೆ ಕೆಳಗಿಟ್ಟರು.

“ಆ ಫೈಲು ನನ್ನ ಬೀರುವಿನಲ್ಲೇ ಇದೆ ಕಣಯ್ಯಾ. ಒಬ್ಬ ಮೀಸಲು ಆಟಗಾರ ವರ್ಷಾ ವರ್ಷಾ ನಾನೇ ಕೋಚು ಅಂತ ಬರೀತಾನೆ, ತಲೆ ನೆಟ್ಟಗಿಲ್ಲ ಅಂದ್ಕೊಂಡಿದ್ದೆ.”

“ಈಗ ಮಂಜೂರು ಮಾಡೋಕೆ ಆಗುತ್ತಾ ಸರ್?”

“ಎಲ್ಲಿ ಆಗುತ್ತೆ? ಹೊಸ ಸ್ಥಾನ ಸೃಷ್ಟಿ ಮಾಡೋದಕ್ಕೆ ದೆಹಲಿಯಿಂದ ಒಪ್ಪಿಗೆ ಬೇಕು. ನಿನ್ನ ಮೊಮ್ಮಕ್ಕಳ ಕಾಲಕ್ಕೆ ಬರಬಹುದು.” ಮೀಸೆ ಸವರಿಕೊಂಡರು. “ಇರೋ ಸ್ಥಾನವನ್ನ ರದ್ದು ಮಾಡೋದಕ್ಕೆ ಮಾತ್ರ ನನ್ನ ಸಹಿ ಸಾಕು.”

“ಇಲ್ಲದ್ದನ್ನ ರದ್ದು ಮಾಡ್ತೀರಾ?” ಎಂದರು ಮ್ಯಾನೇಜರು.

“ಸರ್ಕಾರ ರದ್ದು ಮಾಡಿದೆ ಅಂದಮೇಲೆ, ಇತ್ತು ಅಂತ ತಾನೇ ಅರ್ಥ?”

ಸೋಮವಾರ ಬೆಳಿಗ್ಗೆ ಆದೇಶವನ್ನು ನಾನೇ ಟೈಪ್ ಮಾಡಿದೆ. ಬರೋಡಾ ಶಾಖೆಯ ಹಗ್ಗಜಗ್ಗಾಟ ತಂಡದ ಕೋಚ್ ಅವರನ್ನು, ಅವರು ಈಗಾಗಲೇ ನಿವೃತ್ತರಾಗಿರುವ ಕಾರಣ, ಕೋಚ್ ಸ್ಥಾನದಿಂದ ಬಿಡುಗಡೆ ಮಾಡಲಾಗಿದೆ. ಸದರಿ ಸ್ಥಾನವನ್ನು ಇಂದಿನಿಂದ ರದ್ದುಪಡಿಸಲಾಗಿದೆ. ಆ ಮೂರು ಸಾಲುಗಳನ್ನು ಟೈಪ್ ಮಾಡಲು ನನಗೆ ಹತ್ತು ನಿಮಿಷ ಹಿಡಿಯಿತು. ಒಂದು ಅಕ್ಷರವೂ ತಪ್ಪಬಾರದೆಂದಿತ್ತು. ಸೂಪರಿಂಟೆಂಡೆಂಟರು ಸಹಿ ಮಾಡಿದರು. ಪ್ರತಿಯನ್ನು ಧಾರವಾಡಕ್ಕೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದೆವು.

ಅವರು ತೀರಿಕೊಂಡದ್ದು ಅದಾದ ನಾಲ್ಕು ವರ್ಷಕ್ಕೆ. ಆದೇಶ ಕಳಿಸಿದ ಹನ್ನೊಂದನೆಯ ದಿನವೇ ಅದು ತಲುಪಿದ್ದಕ್ಕೆ ಸ್ವೀಕೃತಿ ಬಂದಿತ್ತು. ಅದರಲ್ಲಿ ಸಹಿಯ ಕೆಳಗೆ “ಮಾಜಿ ಕೋಚ್, ಬರೋಡಾ” ಎಂದು ಬರೆದಿದ್ದರು.