ಓವರ್ಸಿಯರ್ ಯೋಗಾನರಸಿಂಹರ ಯೋಗನಿದ್ರೆ

ಕುಂಭಕರ್ಣ ಆರಾರು ತಿಂಗಳು ಮಲಗಿ ಸಾಧಿಸಿದ್ದೇನೆಂದು ಅವನ ಅಣ್ಣನೇ ಹೇಳಬೇಕು. ಮಂಡ್ಯದ ಓವರ್ಸಿಯರ್ ಯೋಗಾನರಸಿಂಹರು ಹತ್ತೇ ನಿಮಿಷ ಮಲಗಿ ಎದ್ದು ಮನೆಯ ಬಾಡಿಗೆ ಹೇಳಿಬಿಡುತ್ತಿದ್ದರು. ಸರ್ಕಾರ ಬಾಡಿಗೆಗೆ ಹಿಡಿಯುವ ಮನೆಗಳಿಗೆ ದರ ಗೊತ್ತುಮಾಡುವುದು ಅವರ ಕೆಲಸ. ಇಪ್ಪತ್ತು ವರ್ಷದಿಂದ ಒಂದೇ ಕ್ರಮ: ಟೇಪು ಹಿಡಿದು ಮನೆ ಅಳೆಯುವುದು, ಅಕ್ಕಪಕ್ಕದ ಮೂರು ಮನೆಗಳ ಬಾಡಿಗೆ ವಿಚಾರಿಸುವುದು, ಆಮೇಲೆ ನಡುಮನೆಯಲ್ಲಿ ಅಂಗಾತ ಮಲಗಿ ಮುಖದ ಮೇಲೆ ಟವಲು ಹೊದೆಯುವುದು. ಎದ್ದಮೇಲೆ ಅವರು ಬರೆದ ಅಂಕಿಗೆ ಯಾವ ಆಡಿಟರೂ ಕೆಂಪು ಶಾಯಿ ತಾಗಿಸಿದ್ದಿಲ್ಲ.

ಕತೆಗಳು ಹುಟ್ಟದೆ ಇರುತ್ತವೆಯೇ? ಮಾಡಿನ ಜಂತೆ ಅವರ ಕಿವಿಯಲ್ಲಿ ಪಿಸುಗುಟ್ಟುತ್ತದೆ ಎಂದರು ಮದ್ದೂರಿನವರು. ಅಲ್ಲ, ಅವರ ಬೆನ್ನುಮೂಳೆಗೆ ಅಡಿಪಾಯದ ಆಳ ತಿಳಿಯುತ್ತದೆ ಎಂದರು ವಿ.ಸಿ. ಫಾರಂ ಕೃಷಿಕೇಂದ್ರದ ವಿದ್ಯಾವಂತರು. ಬೆಳಕವಾಡಿಗೆ ತಲುಪುವ ಹೊತ್ತಿಗೆ ಸುದ್ದಿ ಇನ್ನೂ ಬೆಳೆದಿತ್ತು: ಸಾಕ್ಷಾತ್ ವಾಸ್ತುಪುರುಷನೇ ಅವರ ಕನಸಿಗೆ ಬಂದು ಲೆಕ್ಕ ಒಪ್ಪಿಸಿ ಹೋಗುತ್ತಾನಂತೆ.

ಇದ್ಯಾವುದನ್ನೂ ಸರಸಮ್ಮ ನಂಬಿರಲಿಲ್ಲ. ಆದರೆ ೧೯೭೪ರ ಆ ಬೆಳಿಗ್ಗೆ, ನಂಬಿದರೆ ಒಳ್ಳೆಯದಿತ್ತು ಅನ್ನಿಸತೊಡಗಿತ್ತು. ಆಕೆ ಮಳವಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ಬಂಡೂರಿನ ಕಡೆಯ ಹದಿನೆಂಟು ಹುಡುಗಿಯರು ಅಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದರು. ಹಾಸ್ಟೆಲಿನ ಹಣ ಬರುತ್ತಿದ್ದದ್ದು ಡೆಲ್ಲಿಯಿಂದ. ಬಾಡಿಗೆ ಊರಿನ ದರಕ್ಕೆ ಮೀರಿಲ್ಲವೆಂದು ಓವರ್ಸಿಯರರ ಸರ್ಟಿಫಿಕೇಟು ಹೋಗದಿದ್ದರೆ ಆ ಹಣ ನಿಲ್ಲುತ್ತಿತ್ತು. ಇತ್ತ ಮನೆಯ ಯಜಮಾನ ಪುಟ್ಟಸ್ವಾಮಿ ಎಂಬತ್ತು ರೂಪಾಯಿಯ ಮನೆಗೆ ಇನ್ನೂರು ಕೇಳಿ ಕೂತಿದ್ದ.

"ಡೆಲ್ಲಿ ದುಡ್ಡು ಕಣಮ್ಮ. ನಿಮ್ಮಪ್ಪನ್ ಗಂಟೇನ್ ಓಯ್ತದೆ? ಕೊಡದಿದ್ರೆ ಮನೆ ಕಾಲಿ ಮಾಡಿ."

ಇನ್ನೂರು ಬರೆದರೆ ಡೆಲ್ಲಿ ಒಪ್ಪದು, ಕಡಿಮೆ ಬರೆದರೆ ಪುಟ್ಟಸ್ವಾಮಿ ಒಪ್ಪ. ಹೇಗಾದರೂ ಹುಡುಗಿಯರು ಟ್ರಂಕು ಹೊತ್ತು ಊರಿಗೆ ಹೋಗಬೇಕು. ಹಾಗೆ ಹೋದವರು ಮತ್ತೆ ಬರುವುದಿಲ್ಲ, ಅವರ ಲಗ್ನಪತ್ರಿಕೆ ಬರುತ್ತದೆ ಎಂಬುದನ್ನು ಸರಸಮ್ಮ ಕಂಡಿದ್ದರು.

ಮಂಡ್ಯದ ಬಸ್ಸಿನಿಂದ ಮಹಾನುಭಾವರು ಸೊಂಟ ನೀವಿಕೊಳ್ಳುತ್ತಾ ಇಳಿದರು. ಅಳತೆ ಮುಗಿಯಿತು. ಅಕ್ಕಪಕ್ಕದ ಮನೆಗಳನ್ನು ಬಾಡಿಗೆಗೆ ಕೊಟ್ಟಿದ್ದ ಮೂವರನ್ನು ಪುಟ್ಟಸ್ವಾಮಿ ಮೊದಲೇ ಪಾಠ ಹೇಳಿಕೊಟ್ಟು ತಂದು ನಿಲ್ಲಿಸಿದ್ದ. ಚಿಕ್ಕಬೋರಯ್ಯ ತನ್ನ ಮನೆಗೆ ನೂರ ತೊಂಬತ್ತು ಬರುತ್ತದೆ ಎಂದ. ಹೊಂಬಾಳಮ್ಮ ಐದು ಏರಿಸಿದಳು. ದೇವಿರಮ್ಮನಿಗೆ ಹುರುಪು ಬಂದು "ಮುನ್ನೂರು" ಎಂದುಬಿಟ್ಟಳು. ಪುಟ್ಟಸ್ವಾಮಿಗೆ ಕೆಮ್ಮು ಬಂತು.

ಓವರ್ಸಿಯರ್ ಒಂದಕ್ಷರ ಬಿಡದೆ ಬರೆದುಕೊಂಡರು. ಆಮೇಲೆ ನಡುಮನೆಯಲ್ಲಿ ಮಲಗಿ ಟವಲು ಹೊದ್ದರು. ನಾಲ್ವರೂ ಹೊರಗೆ ಜಗಲಿಯಲ್ಲಿ ಕೂತರು. ಸರಸಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ಹದಿನೆಂಟು ಟ್ರಂಕುಗಳನ್ನು ನೆನೆಯುತ್ತಾ ನಿಂತರು.

"ಮುನ್ನೂರಾ ದೇವಿರಮ್ಮ? ನಿಂದೇನು ಮೈಸೂರರಮನೆಯಾ?" ಚಿಕ್ಕಬೋರಯ್ಯನ ದನಿ ಕೇಳಿತು.

"ಇವ್ನೇ ದೊಡ್ಡದಾಗ್ ಏಳು ಅಂದ, ಏಳ್ದೆ. ನಂಗ್ ಬರಾದು ಎಪ್ಪತ್ತು. ಮಳೆಗಾಲದಲ್ಲಿ ಸೋರ್ತದೆ ಅಂತ ಬಾಡಿಗೆಯವ್ನು ಅರವತ್ತೈದೇ ಬಿಸಾಕ್ತಾನೆ."

"ನಂಗ್ ಎಪ್ಪತ್ತೈದು," ಎಂದಳು ಹೊಂಬಾಳಮ್ಮ. "ನಿಂಗೆಷ್ಟ್ಲಾ ಬೋರ?"

"ಎಂಬತ್ತು. ಬಾವಿ ಅದೆಯಲ್ಲ."

"ಮೆತ್ತಗ್ ಮಾತಾಡಿ, ಎದ್ದಾನು!" ಎಂದ ಪುಟ್ಟಸ್ವಾಮಿ.

"ಎಲ್ ಎದ್ದಾನು ಬುಡ್ಲಾ. ವಾಸ್ತುಪುರುಷನ್ ತಾವ ಮಾತಾಡ್ತಾವ್ನೆ," ಎಂದ ಚಿಕ್ಕಬೋರಯ್ಯ.

ಟವಲು ಸರಿಯಿತು. ಯೋಗಾನರಸಿಂಹರು ಎದ್ದು ಕೂತು, ಕನ್ನಡಕ ಏರಿಸಿ, ನಾಲ್ವರನ್ನೂ ಒಳಗೆ ಕರೆದು ಇನ್ನೊಂದು ಹಾಳೆಯಲ್ಲಿ ಬರೆಯುತ್ತಾ ಓದಿದರು. "ಹೊಂಬಾಳಮ್ಮ, ಎಪ್ಪತ್ತೈದು. ಚಿಕ್ಕಬೋರಯ್ಯ, ಎಂಬತ್ತು, ಬಾವಿ ಸಹಿತ. ದೇವಿರಮ್ಮ, ಎಪ್ಪತ್ತು, ಮಳೆಗಾಲದಲ್ಲಿ ಅರವತ್ತೈದು."

ಮೂವರೂ ತಮಗರಿವಿಲ್ಲದೆಯೇ ಕೈ ಮುಗಿದರು. ಸರಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆದರು.

"ಹಾಳೆ ಎರಡಿವೆ," ಎಂದರು ಓವರ್ಸಿಯರ್. "ಮೊದಲನೇದೇ ನಿಜ ಅನ್ನೋದಾದ್ರೆ ಮುನಿಸಿಪಾಲಿಟಿಗೂ ಒಂದು ಪ್ರತಿ ಕಳಿಸ್ತೀನಿ. ಮನೆ ಕಂದಾಯ ಹಾಕೋದು ಬಾಡಿಗೆ ನೋಡಿ ತಾನೆ?"

"ಅಯ್ಯೋ ಸ್ವಾಮಿ! ಎರಡನೇದ್ಕೇ ಎಬ್ಬೆಟ್ ಒತ್ತೀನಿ, ತತ್ತನ್ನಿ!" ದೇವಿರಮ್ಮ ಮುಂದೆ ನುಗ್ಗಿದಳು.

ಮಿಕ್ಕಿಬ್ಬರೂ ಅವಳ ಹಿಂದೆಯೇ ಬಂದರು. ಸೈನ್ಯವೆಲ್ಲ ಶತ್ರುಪಾಳೆಯಕ್ಕೆ ಸೇರಿದ ಮೇಲೆ ಒಂಟಿ ದೊರೆ ಮಾಡುವುದೇನು? ಈ ಮನೆಗೆ ಒಂದು ಕೋಣೆ ಹೆಚ್ಚಿದ್ದರಿಂದ ಎಂಬತ್ತೈದು ಎಂದಾಯಿತು. ಇನ್ನೂರಕ್ಕೆ ಪಟ್ಟು ಹಿಡಿದರೆ ತನಗೂ ಕಂದಾಯ ಏರುತ್ತದೆಂದು ಹೆದರಿ, ಮೂರು ವರ್ಷದ ಕರಾರಿಗೆ ಪುಟ್ಟಸ್ವಾಮಿ ಮುಖ ಹುಳ್ಳಗೆ ಮಾಡಿಕೊಂಡು ರುಜು ಹಾಕಿದ. ಸರಸಮ್ಮ ಒಳಗೆ ಹೋಗಿ, ಮನಸ್ಸಿನಲ್ಲೇ ಟ್ರಂಕುಗಳನ್ನೆಲ್ಲ ಬಿಚ್ಚಿ, ಕಾಫಿಗೆ ಒಂದು ಚಮಚ ಸಕ್ಕರೆ ಹೆಚ್ಚಾಗಿಯೇ ಹಾಕಿ ತಂದರು.

ಲೋಟ ಖಾಲಿಯಾಗುವವರೆಗೂ ತಡೆದುಕೊಂಡಿದ್ದ ಪುಟ್ಟಸ್ವಾಮಿ ಕೊನೆಗೆ ಭಕ್ತಿಯಿಂದ ಬಗ್ಗಿ ಕೇಳಿದ: "ಸ್ವಾಮಿ, ಯಾರ್ಗೂ ಏಳಕಿಲ್ಲ. ನಿದ್ದೇಲಿ ನಿಮ್ ಕಿವಿಗೆ ಏಳಿದ್ದು ಜಂತೆಯಾ, ವಾಸ್ತುಪುರುಷನಾ?"

ಯೋಗಾನರಸಿಂಹರು ಸೊಂಟ ನೀವಿಕೊಂಡರು.

"ನಿದ್ದೆ ಎಲ್ಲಿ ಬಂತಪ್ಪ? ಬಸ್ಸಿನ ಕುಲುಕಾಟಕ್ಕೆ ಸೊಂಟ ಹಿಡ್ಕೊಂಡಿತ್ತು, ಮಲಗಿದ್ದೆ. ನೀವು ಜೋರಾಗಿ ಮಾತಾಡ್ತಿದ್ರಿ."