ನೀರಗಂಟಿಯ ಮಗಳು ಮೆಮೊರಿ ಹಂಚಿದ್ದು

ಯಲಿಯೂರಿನ ರೂಪಳದ್ದು ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ಮಂಡ್ಯದ ರೈಲಿನಲ್ಲಿ ಸೀಟು ಖಾಲಿಯಿದ್ದರೂ ಬಾಗಿಲ ಬಳಿಯೇ ನಿಲ್ಲುತ್ತಾಳೆ. ಖಾಸಗಿ ಕಾಲೇಜೊಂದರ ಸರ್ವರ್ ಕೋಣೆ ಅವಳ ಸುಪರ್ದಿಗೆ ಬಂದು ಆರು ವರ್ಷವಾಯಿತು. ಇರುವುದು ಒಂದೇ ಸರ್ವರ್. ಅದರ ಹೊಟ್ಟೆಯೊಳಗೆ ಹಾಜರಾತಿಗೊಂದು, ಗ್ರಂಥಾಲಯಕ್ಕೊಂದು, ಪರೀಕ್ಷೆಗೊಂದು ಅಂತ ಮೂರು ವರ್ಚುವಲ್ ಮೆಷಿನ್‌ಗಳು, ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರುಗಳು. ಮೂರೂ ಹಂಚಿಕೊಂಡು ಉಣ್ಣಬೇಕಾದದ್ದು ಅದೇ ಅರವತ್ನಾಲ್ಕು ಜಿಬಿ ಮೆಮೊರಿಯನ್ನು. ಸುಮ್ಮನಿರುವ ಮೆಷಿನ್ನಿನಿಂದ ಕಿತ್ತು, ಬೇಕಾದದ್ದಕ್ಕೆ ಬಿಡುವುದು ರೂಪಳ ಕೆಲಸ.

ಇದೇನು ಅವಳಿಗೆ ಹೊಸ ವಿದ್ಯೆಯಲ್ಲ. ಅಪ್ಪ ಚಲುವರಾಜು ಮೂವತ್ತು ವರ್ಷ ನೀರಗಂಟಿ. ನಾಲೆಯ ತೂಬು ಎತ್ತಿ ಇಳಿಸಿ ಊರ ಗದ್ದೆಗಳಿಗೆ ಸರದಿಯಂತೆ ನೀರು ಹಂಚಿದವರು. ತಮ್ಮ ಗದ್ದೆಗೆ ಮಾತ್ರ ಯಾವತ್ತೂ ಕೊನೆಯ ಸರದಿ. ಆ ಹೆಮ್ಮೆಯಲ್ಲೇ ಬೆಳೆದ ರೂಪ ಈ ಸಲ ಪರೀಕ್ಷೆಗೆ ನಲವತ್ತು, ಉಳಿದೆರಡಕ್ಕೆ ಹನ್ನೆರಡು ಹನ್ನೆರಡು ಜಿಬಿ ಕೊಟ್ಟಳು. ಎಲ್ಲರನ್ನೂ ಹೊತ್ತ ಸರ್ವರ್‌ಗೆ? ಯಜಮಾನನಿಗೇನು ಅವಸರ, ಮಿಕ್ಕಿದ್ದು ಉಂಡರಾಯಿತು ಅಂದುಕೊಂಡಳು.

ಸೋಮವಾರ ಹತ್ತಕ್ಕೆ ಐವತ್ತು ಮಕ್ಕಳು ಕಂಪ್ಯೂಟರ್ ಮುಂದೆ ಪರೀಕ್ಷೆಗೆ ಕೂತರು. ಹತ್ತೂಕಾಲಿಗೆ ಮೂರೂ ಮೆಷಿನ್‌ಗಳು ತಮ್ಮ ಪಾಲನ್ನು ಪೂರ್ತಿ ಹೀರಿದವು. ಉಸಿರಾಡಲೂ ಮೆಮೊರಿಯಿಲ್ಲದ ಸರ್ವರ್, ತನ್ನ ಜೀವ ಉಳಿಸಿಕೊಳ್ಳಲು, ಹೆಚ್ಚು ಉಣ್ಣುತ್ತಿದ್ದ ಪರೀಕ್ಷೆಯ ಮೆಷಿನ್ನನ್ನೇ ಮುಗಿಸಿತು. ಮಕ್ಕಳು ಬರೆದದ್ದೆಲ್ಲ ಹೋಯಿತು. ಮತ್ತೆ ಶುರುಮಾಡಿದಳು, ಹತ್ತು ನಿಮಿಷಕ್ಕೆ ಮತ್ತೆ ಬಿತ್ತು. ಅಪ್ಪನಿಗೆ ಫೋನು ಮಾಡಿದಳು.

“ಎಲ್ರಿಗೂ ಸರ್ಯಾಗೇ ಅಂಚಿವ್ನಿ ಕಣಪ್ಪ, ಆದ್ರೂ ಬಿದ್ದೋಯ್ತದೆ!”

“ನಾಲೆಗೆಷ್ಟು ಮಡಗಿದೀಯವ್ವ?”

“ನಾಲೆಗ್ಯಾಕಪ್ಪ?”

“ಅಯ್ಯೋ ಪೆದ್ದಿ! ಒಣಗಿದ ನಾಲೆ ಮೊದ್ಲು ತಾನು ಕುಡೀತದೆ, ಆಮೇಲೆ ಗದ್ದೆಗೆ ಬುಡ್ತದೆ. ಕೊನೆ ಸರದಿ ನನ್ ಗದ್ದೇದು ಕಣವ್ವ, ನಾಲೇದಲ್ಲ.”

ತನ್ನ ನಾಲೆ ಈ ಸರ್ವರ್ರೇ ಅಂತ ರೂಪಳಿಗೆ ಆಗ ಹೊಳೆಯಿತು. ಅಪ್ಪನ ಹೆಮ್ಮೆ ಕಲಿತಿದ್ದಳು, ಕಸುಬು ಕಲಿತಿರಲಿಲ್ಲ. ಹಾಜರಾತಿಯಿಂದ ನಾಲ್ಕು, ಗ್ರಂಥಾಲಯದಿಂದ ನಾಲ್ಕು ಕಿತ್ತು, ಎಂಟು ಜಿಬಿಯನ್ನು ಸರ್ವರ್‌ಗೇ ಬಿಟ್ಟಳು. ಈ ಸಲ ಪರೀಕ್ಷೆಯ ಮೆಷಿನ್ ಬೀಳದೆ ನಿಂತಿತು.

ಅಷ್ಟರಲ್ಲಿ ಪ್ರಿನ್ಸಿಪಾಲ್ ಕೃಷ್ಣಪ್ರಸಾದ್ ಬಂದರು. “ಕರೆಂಟು ಹೋಗಿತ್ತು ಅಂದುಬಿಡಿ ರೂಪ. ಉಳಿದಷ್ಟು ಸಮಯದಲ್ಲಿ ಬರೆದು ಮುಗಿಸಲಿ. ಇಲ್ಲದಿದ್ದರೆ ನಿಮ್ಮ ತಲೆಗೇ ಬರುತ್ತೆ.”

 ರೂಪ ಪರೀಕ್ಷೆಯ ಕೊಠಡಿಗೆ ಹೋಗಿ, ಅಳುಮೋರೆ ಹಾಕಿ ಕೂತಿದ್ದ ಮಕ್ಕಳ ಮುಂದೆ ನಿಂತಳು.

“ಕರೆಂಟು ಇತ್ತು. ತಪ್ಪು ನಂದು. ಮೊದಲಿಂದ ಬರೀರಿ, ಪೂರ್ತಿ ಸಮಯ ಕೊಡಿಸೋದು ನನ್ನ ಜವಾಬ್ದಾರಿ.”

ಬಾಗಿಲವರೆಗೂ ಹಿಂದೆಯೇ ಬಂದಿದ್ದ ಪ್ರಿನ್ಸಿಪಾಲರು ಬಿರಬಿರನೆ ಹೊರಟುಹೋದರು. ನಾಳೆ ಕೆಲಸ ಇರುತ್ತದೋ ಇಲ್ಲವೋ ರೂಪಳಿಗೆ ತಿಳಿಯಲಿಲ್ಲ. ಕೊನೆಯ ಹುಡುಗಿ ಬರೆದು ಮುಗಿಸಿ ಎದ್ದು ಹೋಗುವವರೆಗೂ ಅವಳು ಕೂರಲಿಲ್ಲ.